ಕಾರಿನ ಗಾಜು ಕಪ್ಪಾದರೆ ಚರ್ಮಕ್ಕೆ ನೆರಳಾದೀತೆ?

ಬೇಸಿಗೆ ಕಾಲಿಟ್ಟಿತೆಂದರೆ ಕಾರು ಇರುವ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: 'ಗಾಜಿಗೆ ಒಂದು ಫಿಲ್ಮ್ ಹಾಕಿಸಿಬಿಡೋಣ.' ಹಿಂದಿನ ಸೀಟಿನಲ್ಲಿ ಕೂತ ಅಜ್ಜಿಗೆ ಬಿಸಿಲು ಹೊಡೆಯುತ್ತದೆ, ಮಗುವಿನ ಮುಖ ಕೆಂಪಗಾಗುತ್ತದೆ, ದಿನಾ ಆಫೀಸಿಗೆ ಓಡಾಡುವ ಮಗಳ ಕೆನ್ನೆಯ ಮೇಲೆ ಬಂಗು ಕಾಣಿಸಿಕೊಂಡಿದೆ. ಸರಿ, ಭಾನುವಾರ ಬೆಳಿಗ್ಗೆ ಅಂಗಡಿಗೆ ಹೋಗುತ್ತೀರಿ. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ನಿಮ್ಮ ಊರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಾಗಲಿ, ಅಂಗಡಿಯಾತ ಸುರುಳಿಗಳನ್ನು ಬಿಚ್ಚಿ ತೋರಿಸುತ್ತಾನೆ. 'ಇದು ಕಪ್ಪು, ಇದು ಇನ್ನೂ ಕಪ್ಪು. ಕಪ್ಪಾದಷ್ಟೂ ತಂಪು ಸಾರ್, ಸ್ಕಿನ್ನಿಗೂ ಒಳ್ಳೇದು.' ನೀವೂ ತಲೆಯಾಡಿಸುತ್ತೀರಿ. ಮಾತಿನಲ್ಲಿ ತಪ್ಪೇನೂ ಕಾಣುವುದಿಲ್ಲ. ಕತ್ತಲೆ ಇದ್ದರೆ ನೆರಳು, ನೆರಳಿದ್ದರೆ ತಂಪು ಎಂದಲ್ಲವೆ ನಾವೆಲ್ಲ ಕಲಿತದ್ದು?

ಮಾವಿನ ಮರದ ನೆರಳಿಗೆ ಈ ಲೆಕ್ಕ ಸರಿ. ಕಾರಿನ ಗಾಜಿಗೆ ಸರಿಯಲ್ಲ. ಚರ್ಮವನ್ನು ಮುಖ್ಯವಾಗಿ ಕೆಡಿಸುವ ಕಿರಣ ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಗಾಜಿನ ಕಪ್ಪು ತಡೆಯುವುದು ಕಣ್ಣಿಗೆ ಕಾಣುವ ಬೆಳಕನ್ನು. ಅಂದರೆ ರಾತ್ರಿ ದಾರಿ ನೋಡಲು ನಿಮಗೆ ಬೇಕಾದ ಬೆಳಕನ್ನು! ಆದ್ದರಿಂದ ಫಿಲ್ಮ್ ಹಾಕಿಸುವುದು ಬಿಡುವುದು ಆಮೇಲಿನ ಮಾತು. ಯಾವ ಕಿರಣವನ್ನು ತಡೆಯಬೇಕು, ಯಾವುದನ್ನು ಒಳಗೆ ಬಿಡಬೇಕು ಎನ್ನುವುದನ್ನು ಮೊದಲು ತಿಳಿದುಕೊಳ್ಳಿ.

ಗಾಜಿನೊಳಗೆ ಬರುವ ಬಿಸಿಲು

ಭೂಮಿಗೆ ತಲುಪುವ ಬಿಸಿಲಿನಲ್ಲಿ ಮೂರು ಬಗೆಯ ಕಿರಣಗಳಿವೆ. ಅದರ ಶಕ್ತಿಯ ಸುಮಾರು ಅರ್ಧ ಭಾಗ ಅವಗೆಂಪು, ಅಂದರೆ ಇನ್‌ಫ್ರಾರೆಡ್ ಕಿರಣ. ಇದು ಕಾಣುವುದಿಲ್ಲ, ಬಿಸಿಯಾಗಿ ತಾಕುತ್ತದೆ. ಶೇಕಡ 40ಕ್ಕಿಂತ ಸ್ವಲ್ಪ ಹೆಚ್ಚು ಪಾಲು ನಾವು ಕಾಣುವ ಬೆಳಕು. ಉಳಿದ ಶೇಕಡ 5ರಷ್ಟು ಮಾತ್ರ ಅತಿನೇರಳೆ ಕಿರಣ. ಪಾಲು ಚಿಕ್ಕದಾದರೂ ಚರ್ಮದ ಮಟ್ಟಿಗೆ ದೊಡ್ಡ ಹಾನಿ ಇದರದೇ.

ಈ ಅತಿನೇರಳೆಯಲ್ಲಿಯೂ 'ಎ' ಮತ್ತು 'ಬಿ' ಎಂದು ಎರಡು ವಿಧ. 'ಬಿ' ಕಿರಣ ಚರ್ಮದ ಮೇಲ್ಪದರವನ್ನು ಸುಡುತ್ತದೆ. ಸಮುದ್ರತೀರದಲ್ಲಿ ದಿನವಿಡೀ ಅಡ್ಡಾಡಿ ಬಂದವರ ಮೂಗು ಹೊಪ್ಪಳಿಕೆ ಏಳುವುದು ಇದರಿಂದ. ಸಾಮಾನ್ಯ ಕಿಟಕಿ ಗಾಜು ಕೂಡ ಈ 'ಬಿ' ಕಿರಣವನ್ನು ಬಹುಪಾಲು ತಡೆಯುತ್ತದೆ. 'ಎ' ಕಿರಣ ಹಾಗಲ್ಲ. ಅದು ಗಾಜನ್ನು ದಾಟಿ ಬಂದು ಚರ್ಮದ ಒಳಪದರದವರೆಗೆ ಇಳಿಯುತ್ತದೆ, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ನಾರುಗಳನ್ನು ಸಡಿಲಗೊಳಿಸುತ್ತದೆ, ಬಣ್ಣದ ಕಣಗಳನ್ನು ಕೆದಕುತ್ತದೆ. ಉರಿ ಇಲ್ಲ, ನೋವಿಲ್ಲ. ಆದ್ದರಿಂದಲೇ ಎಚ್ಚರಿಕೆಯೂ ಇಲ್ಲ. ಸುಕ್ಕು, ಕಪ್ಪು ಮಚ್ಚೆ, ಬಂಗು ಎಲ್ಲವೂ ವರ್ಷಗಳ ನಂತರ ಲೆಕ್ಕ ಒಪ್ಪಿಸುತ್ತವೆ.

ಇಲ್ಲಿ ಒಂದು ಉಪಕಥೆ ಹೇಳಲೇಬೇಕು. 'ದಿನಾ ಎರಡು ಗಂಟೆ ಕಾರಿನಲ್ಲಿ ಬಿಸಿಲಿಗೆ ಕೂರುತ್ತೇನೆ, ಆದರೂ ವಿಟಮಿನ್ ಡಿ ಕಡಿಮೆ ಎಂದು ರಿಪೋರ್ಟ್ ಬಂದಿದೆ' ಎಂದು ಬೇಸರಪಡುವವರಿದ್ದಾರೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದದ್ದು 'ಬಿ' ಕಿರಣ. ಅದನ್ನು ಗಾಜು ಹೊರಗೇ ನಿಲ್ಲಿಸಿಬಿಟ್ಟಿದೆ. ಹೀಗಾಗಿ ಮುಚ್ಚಿದ ಗಾಜಿನ ಹಿಂದೆ ಕೂತವರಿಗೆ ಬಿಸಿಲಿನ ಲಾಭ ಸಿಕ್ಕದೆ ನಷ್ಟ ಮಾತ್ರ ಸಿಗುತ್ತದೆ. 'ಫಿಲ್ಮ್ ಹಾಕಿಸಿದರೆ ವಿಟಮಿನ್ ಡಿ ಹೋಗಿಬಿಡುತ್ತದೆ' ಎಂಬ ಹೆದರಿಕೆಗೂ ಹಾಗಾಗಿ ಅರ್ಥವಿಲ್ಲ.

ಮುಂದಿನ ಗಾಜು ಬೇರೆ, ಪಕ್ಕದ ಗಾಜು ಬೇರೆ

ನಿಮ್ಮ ಕಾರಿನ ಗಾಜುಗಳೆಲ್ಲ ಒಂದೇ ಜಾತಿಯವಲ್ಲ. ಮುಂದಿನ ದೊಡ್ಡ ಗಾಜು ಲ್ಯಾಮಿನೇಟೆಡ್: ಎರಡು ಗಾಜಿನ ಹಾಳೆಗಳ ನಡುವೆ ಒಂದು ಪ್ಲಾಸ್ಟಿಕ್ ಪದರ, ನಮ್ಮ ಒಬ್ಬಟ್ಟಿನ ಹೂರಣದ ಹಾಗೆ. ಕಲ್ಲು ಬಿದ್ದರೆ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ, ಉದುರುವುದಿಲ್ಲ. ಆ ನಡುವಿನ ಪದರವೇ ಅತಿನೇರಳೆ ಕಿರಣವನ್ನೂ ನುಂಗಿಕೊಳ್ಳುತ್ತದೆ. ಪಕ್ಕದ ಬಾಗಿಲುಗಳ ಗಾಜು ಹೆಚ್ಚಿನ ಕಾರುಗಳಲ್ಲಿ ಟೆಂಪರ್ಡ್, ಅಂದರೆ ಕಾಯಿಸಿ ಬೇಗನೆ ತಣಿಸಿ ಗಟ್ಟಿ ಮಾಡಿದ ಒಂಟಿ ಹಾಳೆ. ಒಡೆದರೆ ಕಲ್ಲುಸಕ್ಕರೆಯಂಥ ಸಣ್ಣ ಸಣ್ಣ ಚೂರುಗಳಾಗಿ ಸುರಿದುಬೀಳುತ್ತದೆ. ಇದರೊಳಗೆ ಆ ಪದರವಿಲ್ಲ.

ಅಮೆರಿಕದ ನೇತ್ರತಜ್ಞ ಬ್ರಯನ್ ಬಾಕ್ಸರ್ ವಾಕ್ಲರ್ 2016ರಲ್ಲಿ 15 ತಯಾರಕರ 29 ಕಾರುಗಳ ಗಾಜನ್ನು ಅಳೆದು ನೋಡಿದರು. ಮುಂದಿನ ಗಾಜು ಸರಾಸರಿ ಶೇಕಡ 96ರಷ್ಟು 'ಎ' ಕಿರಣವನ್ನು ತಡೆಯುತ್ತಿತ್ತು. ಕಾರಿನಿಂದ ಕಾರಿಗೆ ಹೆಚ್ಚು ವ್ಯತ್ಯಾಸವೂ ಇರಲಿಲ್ಲ. ಚಾಲಕನ ಪಕ್ಕದ ಗಾಜಿನ ಸರಾಸರಿ ಮಾತ್ರ 71. ಅದರಲ್ಲೂ ಒಂದು ಕಾರಿನಲ್ಲಿ 44, ಇನ್ನೊಂದರಲ್ಲಿ 96! ಶೇಕಡ 90ಕ್ಕಿಂತ ಹೆಚ್ಚು ತಡೆಯುವ ಪಕ್ಕದ ಗಾಜು ಇದ್ದದ್ದು 29ರಲ್ಲಿ ನಾಲ್ಕು ಕಾರುಗಳಲ್ಲಿ ಮಾತ್ರ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತರಹದ ತಿಳಿ ಗಾಜು.

ಇದರ ಪರಿಣಾಮ ಏನಾಗಬಹುದು ಎಂಬುದಕ್ಕೆ ವೈದ್ಯಲೋಕದಲ್ಲಿ ಪ್ರಸಿದ್ಧವಾದ ಒಂದು ಚಿತ್ರವಿದೆ. 2012ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆ 69 ವರ್ಷದ ಟ್ರಕ್ ಚಾಲಕರೊಬ್ಬರ ಮುಖವನ್ನು ಅಚ್ಚು ಹಾಕಿತು. 28 ವರ್ಷ ಸಾಮಾನು ಸಾಗಿಸುವ ವಾಹನ ಓಡಿಸಿದವರು. ಮುಖದ ಬಲಭಾಗ ವಯಸ್ಸಿಗೆ ತಕ್ಕಂತಿತ್ತು. ಎಡಭಾಗ ಮಾತ್ರ ದಪ್ಪಗಾಗಿ, ಉತ್ತ ಹೊಲದಂತೆ ಸಾಲು ಸಾಲು ಸುಕ್ಕುಗಟ್ಟಿತ್ತು. ಅಮೆರಿಕದಲ್ಲಿ ಚಾಲಕ ಕೂರುವುದು ಎಡಗಡೆ. ನಮ್ಮಲ್ಲಿ ಬಲಗಡೆ. ಹುಬ್ಬಳ್ಳಿಯಲ್ಲಿ ಊಟ ಮುಗಿಸಿ ಬೆಂಗಳೂರಿಗೆ ಹೊರಟವರ ಬಲಗೈಗೆ ಚಳಿಗಾಲದ ಇಳಿಬಿಸಿಲು ದಾರಿಯುದ್ದಕ್ಕೂ ಬೀಳುತ್ತಿರುತ್ತದೆ. ವರ್ಷಗಟ್ಟಲೆ ಟ್ಯಾಕ್ಸಿ, ಲಾರಿ ಓಡಿಸಿದವರು ನಿಮ್ಮ ಪರಿಚಯದಲ್ಲಿದ್ದರೆ ಅವರ ಎರಡೂ ಮುಂಗೈಗಳನ್ನು ಜೊತೆಯಲ್ಲಿಟ್ಟು ನೋಡಿ. ನಮ್ಮ ಕಂದು ಚರ್ಮ ಸುಕ್ಕಿಗೆ ಅಷ್ಟು ಬೇಗ ಬಗ್ಗುವುದಿಲ್ಲ ನಿಜ, ಆದರೆ ಬಣ್ಣ ಬದಲಾಯಿಸುವುದರಲ್ಲಿ ಹಿಂದೆ ಬೀಳುವುದಿಲ್ಲ.

ಯಾರಿಗೆ ಇದು ನಿಜವಾಗಿ ಮುಖ್ಯ?

ದಿನಕ್ಕೆ ಅರ್ಧ ಗಂಟೆ ಕಾರಿನಲ್ಲಿ ಓಡಾಡುವ ಆರೋಗ್ಯವಂತರು ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕೆಲವರಿಗೆ ಮಾತ್ರ ಗಾಜಿನ ಮೂಲಕ ಬರುವ 'ಎ' ಕಿರಣವೂ ತೊಂದರೆ ಕೊಡುತ್ತದೆ. ಲೂಪಸ್ ಎಂಬ ಕಾಯಿಲೆ ಇದ್ದವರಿಗೆ ಬಿಸಿಲು ತಗುಲಿದರೆ ಮುಖದ ಮೇಲಿನ ಕೆಂಪು ಗಂಧೆಯಷ್ಟೇ ಅಲ್ಲ, ಒಳಗಿನ ಕಾಯಿಲೆಯೂ ಕೆರಳಬಹುದು. ಹುಟ್ಟಿನಿಂದಲೇ ಚರ್ಮ, ಕೂದಲಿಗೆ ಬಣ್ಣವಿಲ್ಲದವರು, ಮೂತ್ರಪಿಂಡದ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಿರುವವರು, ಬಿಸಿಲಿಗೆ ಹೋದರೆ ಸಾಕು ತುರಿಕೆಯ ಗುಳ್ಳೆ ಏಳುವವರು ಎಚ್ಚರದಿಂದ ಇರಬೇಕು.

ಕೆಲವು ಔಷಧಿಗಳೂ ಚರ್ಮವನ್ನು ಬಿಸಿಲಿಗೆ ಎಳಸು ಮಾಡುತ್ತವೆ. ಮೊಡವೆಗೆ, ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ಹೃದಯದ ಬಡಿತ ತಪ್ಪಿದವರಿಗೆ ಕೊಡುವ ಅಮಿಯೋಡರೋನ್ ಇವುಗಳಲ್ಲಿ ಮುಖ್ಯವಾದವು. ಹೊಸ ಮಾತ್ರೆ ಶುರುವಾದ ಮೇಲೆ ಕಿಟಕಿಯ ಕಡೆಗಿದ್ದ ತೋಳೋ ಕೆನ್ನೆಯೋ ಮಾತ್ರ ಕೆಂಪಾಗಿ ಉರಿದರೆ ವೈದ್ಯರಿಗೆ ತಿಳಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಒಂದು ಗಂಧೆಗಾಗಿ ರಕ್ತದೊತ್ತಡ ಏರಿಸಿಕೊಳ್ಳುವುದು ಜಾಣತನವಲ್ಲ.

ಬಂಗಿನ ವಿಷಯ ಸ್ವಲ್ಪ ಬೇರೆ. ಗರ್ಭಿಣಿಯರಲ್ಲಿ, ಸಂತಾನ ನಿಯಂತ್ರಣದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೆನ್ನೆ, ಹಣೆ, ಮೇಲ್ತುಟಿಯ ಮೇಲೆ ಕಂದು ಪಟ್ಟೆ ಕಾಣಿಸುವುದು ಸಾಮಾನ್ಯ. ಅದನ್ನು ಗಾಢ ಮಾಡುವುದರಲ್ಲಿ ಅತಿನೇರಳೆಯ ಜೊತೆಗೆ ಕಾಣುವ ಬೆಳಕಿನ ಪಾತ್ರವೂ ಇದೆ, ಅದರಲ್ಲೂ ನಮ್ಮಂಥ ಕಂದು ಚರ್ಮದವರಲ್ಲಿ. 'ಹಾಗಾದರೆ ಕಪ್ಪು ಗಾಜೇ ಒಳ್ಳೆಯದಲ್ಲವೆ?' ಎಂದು ನೀವು ಕೇಳಬಹುದು. ಅಲ್ಲ. ಮುಖಕ್ಕೆ ಬೇಕಾದ ನೆರಳನ್ನು ಮುಖದ ಮೇಲೆಯೇ ಇಟ್ಟುಕೊಳ್ಳಬಹುದು. ಕಬ್ಬಿಣದ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಲೇಪಗಳು ಕಾಣುವ ಬೆಳಕನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತವೆ. ಕಿಟಕಿಯ ಕಡೆಗೆ ದುಪಟ್ಟಾ ಎಳೆದುಕೊಳ್ಳುವುದಕ್ಕೆ ಖರ್ಚೂ ಇಲ್ಲ. ಸನ್‌ಸ್ಕ್ರೀನ್ ಕೊಳ್ಳುವಾಗ 'ಎಸ್‌ಪಿಎಫ್' ಅಂಕಿಯನ್ನು ಮಾತ್ರ ನೋಡಬೇಡಿ. ಅದು ಮುಖ್ಯವಾಗಿ 'ಬಿ' ಕಿರಣದ ಲೆಕ್ಕ. ಕಾರಿನೊಳಗೆ ಕೂರುವವರಿಗೆ ಬೇಕಾದದ್ದು 'ಪಿಎ' ಎಂಬ ಅಕ್ಷರಗಳ ಮುಂದಿರುವ ಪ್ಲಸ್ ಗುರುತುಗಳು. ಮೂರೋ ನಾಲ್ಕೋ ಇರಲಿ.

ತಿಳಿ ಫಿಲ್ಮ್‌ನಲ್ಲಿ ಏನಿದೆ?

ಅಂಗಡಿಯಲ್ಲಿ ಯಾರೂ ಮೊದಲು ತೋರಿಸದ ಸುರುಳಿ ಒಂದಿದೆ. ಬಣ್ಣವೇ ಇಲ್ಲದ, ಗಾಜಿಗೆ ಅಂಟಿಸಿದರೆ ಇದೆಯೋ ಇಲ್ಲವೋ ತಿಳಿಯದ ಫಿಲ್ಮ್. ಒಳ್ಳೆಯ ತಯಾರಕರದಾದರೆ ಅತಿನೇರಳೆ ಕಿರಣದ ಶೇಕಡ 99ರಷ್ಟನ್ನು ಇದೂ ತಡೆಯುತ್ತದೆ, ಕಡು ಕಪ್ಪು ಫಿಲ್ಮ್ ತಡೆಯುವಷ್ಟೇ. ಏಕೆಂದರೆ ಆ ಕೆಲಸ ಮಾಡುವುದು ಬಣ್ಣವಲ್ಲ, ಫಿಲ್ಮ್ ಮತ್ತು ಅಂಟಿನಲ್ಲಿ ಬೆರೆಸಿದ ಬೇರೆ ರಾಸಾಯನಿಕ. ಬಿಸಿಯ ಮಾತೂ ಹೀಗೆಯೇ. ಅಗ್ಗದ ಬಣ್ಣದ ಫಿಲ್ಮ್ ಬೆಳಕನ್ನು ಹೀರಿಕೊಂಡು ತಾನೇ ಕಾದು, ಆ ಕಾವಿನಲ್ಲಿ ಒಂದು ಪಾಲನ್ನು ಒಳಕ್ಕೆ ಬಿಡುತ್ತದೆ. ಇನ್‌ಫ್ರಾರೆಡ್ ತಡೆಯಲೆಂದೇ ಮಾಡಿದ ಸೆರಾಮಿಕ್ ಫಿಲ್ಮ್ ತಿಳಿಯಾಗಿದ್ದರೂ ಹೆಚ್ಚು ತಂಪು ಕೊಡಬಲ್ಲದು. ಬೆಲೆಯೂ ಹೆಚ್ಚು ಅನ್ನಿ.

ಹಾಗಾಗಿ 'ಎಷ್ಟು ಕಪ್ಪು?' ಎಂದು ಕೇಳುವ ಬದಲು ಮೂರು ಅಂಕಿಗಳನ್ನು ಕೇಳಿ. ಕಾಣುವ ಬೆಳಕು ಶೇಕಡ ಎಷ್ಟು ಒಳಗೆ ಬರುತ್ತದೆ, ಅಂಗಡಿಯವರ ಭಾಷೆಯಲ್ಲಿ 'ವಿಎಲ್‌ಟಿ'. ಒಟ್ಟು ಸೌರಶಕ್ತಿಯಲ್ಲಿ ಎಷ್ಟು ಪಾಲು ಹೊರಗೆ ಉಳಿಯುತ್ತದೆ. ಅತಿನೇರಳೆ ಎಷ್ಟು ತಡೆಯುತ್ತದೆ. ಕೊನೆಯದರಲ್ಲಿ ಒಂದು ಕೊಂಕು ಇದೆ: 'ಎ' ಕಿರಣದ ವ್ಯಾಪ್ತಿ 400 ನ್ಯಾನೋಮೀಟರ್‌ವರೆಗೆ ಇದ್ದರೂ ಹಲವು ತಯಾರಕರು 380ರವರೆಗೆ ಮಾತ್ರ ಅಳೆದು 'ಶೇಕಡ 99' ಎಂದು ಬರೆದಿರುತ್ತಾರೆ. ಲೂಪಸ್‌ನಂಥ ಕಾಯಿಲೆ ಇರುವವರ ಮನೆಯವರು '400ರವರೆಗೂ ಅಳೆದದ್ದೇ?' ಎಂದು ಕೇಳುವುದು ಒಳ್ಳೆಯದು. 'ಇದು ಎ-ಒನ್ ಮಾಲು ಸಾರ್' ಎಂಬ ಉತ್ತರ ಬಂದರೆ ಬೇರೆ ಅಂಗಡಿ ನೋಡಿ.

ರಾತ್ರಿಯ ಲೆಕ್ಕ

ಹಗಲು ಎರಡು ಗಂಟೆಯಲ್ಲಿ ಅಂಗಡಿಯ ಮುಂದೆ ನಿಂತು ನೋಡಿದಾಗ ಕಪ್ಪು ಗಾಜಿನಿಂದ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆದರೆ ನೀವು ಕಾರು ಓಡಿಸುವುದು ಹಗಲಿನಲ್ಲಿ ಮಾತ್ರವಲ್ಲವಲ್ಲ.

ಗಾಜಿನ ತಡೆ, ಫಿಲ್ಮ್‌ನ ತಡೆ ಎರಡೂ ಸೇರಿದಾಗ ಗುಣಿಸಬೇಕು. ಕಾರ್ಖಾನೆಯಿಂದ ಬಂದ ಪಕ್ಕದ ಗಾಜು 100 ಪಾಲು ಬೆಳಕಿನಲ್ಲಿ 75 ಪಾಲನ್ನು ಒಳಗೆ ಬಿಡುತ್ತದೆ ಎಂದಿಟ್ಟುಕೊಳ್ಳಿ. ಅದಕ್ಕೆ ಶೇಕಡ 70ರ ಫಿಲ್ಮ್ ಅಂಟಿಸಿದರೆ ಒಳಗೆ ಬರುವುದು 52 ಪಾಲು. ಶೇಕಡ 35ರ ಫಿಲ್ಮ್ ಅಂಟಿಸಿದರೆ 26. ಶೇಕಡ 20ರದನ್ನು ಅಂಟಿಸಿದರೆ ಬರೀ 15. ದಾರಿದೀಪವಿಲ್ಲದ ರಸ್ತೆಯಲ್ಲಿ ಮೊದಲೇ ಇರುವ ಬೆಳಕು ಎಷ್ಟು, ಅದರಲ್ಲಿ 15 ಪಾಲೆಂದರೆ ಎಷ್ಟು?

ಇನ್ನು ಕಣ್ಣಿನ ಲೆಕ್ಕ. ಕತ್ತಲಿನಲ್ಲಿ ಕಣ್ಣಿನ ಪಾಪೆ ಹಿಗ್ಗಿ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ವಯಸ್ಸಾದಂತೆ ಪಾಪೆ ಹಿಗ್ಗುವುದು ಕಡಿಮೆ, ಒಳಗಿನ ಮಸೂರವೂ ಹಳದಿಯಾಗುತ್ತ ಹೋಗುತ್ತದೆ. ಇಪ್ಪತ್ತು ವರ್ಷದವರ ಅಕ್ಷಿಪಟಲಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಅರವತ್ತು ವರ್ಷದವರಿಗೆ ತಲುಪುತ್ತದೆ. ಈಗ ಯೋಚಿಸಿ. ಮಗ ಕಪ್ಪು ಫಿಲ್ಮ್ ಹಾಕಿಸಿ 'ನೋಡಿ ಅಪ್ಪ, ರಾತ್ರಿ ಕೂಡ ಕ್ಲಿಯರ್ ಆಗಿ ಕಾಣುತ್ತೆ' ಎನ್ನುತ್ತಾನೆ. ಅವನಿಗೆ ಕಾಣುತ್ತದೆ, ಸುಳ್ಳಲ್ಲ. ಅದೇ ಕಾರನ್ನು ಮದುವೆ ಮನೆಯಿಂದ ತಡರಾತ್ರಿ ಓಡಿಸಿಕೊಂಡು ಬರುವ ಅಪ್ಪನಿಗೆ, ಪೊರೆ ಶುರುವಾಗಿ ಇನ್ನೂ ಆಪರೇಷನ್ನಿಗೆ ಬಾರದ ಆ ಕಣ್ಣುಗಳಿಗೆ, ಕಾಣುವುದು ಬೇರೆ ರಸ್ತೆ. ಒಂದೇ ಕಾರು, ಒಂದೇ ಗಾಜು.

'ಮುಂದಿನ ಗಾಜಿಗೆ ಹಾಕಿಲ್ಲವಲ್ಲ, ಪಕ್ಕದ್ದಕ್ಕೆ ಮಾತ್ರ' ಎನ್ನುವವರು ಒಂದು ಸಂಗತಿ ಮರೆತಿರುತ್ತಾರೆ. ಹೊರಗಿನ ಎರಡೂ ಕನ್ನಡಿಗಳನ್ನು ನೀವು ನೋಡುವುದು ಪಕ್ಕದ ಗಾಜಿನ ಮೂಲಕವೇ. ತಿರುವಿನಲ್ಲಿ ಬಲಕ್ಕೆ ಹೊರಳುವ ಮುನ್ನ, ಹಿಂದಿನಿಂದ ದೀಪವಿಲ್ಲದ ಸೈಕಲ್ ಬರುತ್ತಿದೆಯೇ ಎಂದು ನೋಡುವುದೂ ಅದರ ಮೂಲಕವೇ. ಮಂಡ್ಯದ ಕಡೆ ಕಬ್ಬಿನ ಕಾಲದಲ್ಲಿ ರಾತ್ರಿ ಓಡಾಡಿದವರಿಗೆ ಗೊತ್ತು: ಹಿಂದೆ ದೀಪವಿಲ್ಲದ ಎತ್ತಿನ ಗಾಡಿ, ಟ್ರ್ಯಾಕ್ಟರ್ ಟ್ರೇಲರ್ ಯಾವ ಅಡ್ಡರಸ್ತೆಯಿಂದ ಬಂದು ನಿಂತಿರುತ್ತದೋ ಹೇಳಲಾಗದು. ಹಗಲು ಕಂಡ ಬಾವಿಗೆ ಇರುಳು ಬೀಳುವುದು ಎಂದರೆ ಇದೇ. ರಸ್ತೆ ದಾಟುವವರ ಕಡೆಯಿಂದಲೂ ಯೋಚಿಸಿ. ಚಾಲಕ ನಮ್ಮನ್ನು ನೋಡಿದನೋ ಇಲ್ಲವೋ ಎಂದು ಅವನ ಮುಖ ನೋಡಿಯೇ ನಾವು ಹೆಜ್ಜೆ ಇಡುತ್ತೇವೆ. ಕಪ್ಪು ಗಾಜಿನ ಹಿಂದೆ ಮುಖವೇ ಕಾಣದು.

ಕನ್ನಡಕದವರಿಗೆ ಒಂದು ಮಾತು. ಬಿಸಿಲಿಗೆ ಹೋದರೆ ತಾನಾಗಿಯೇ ಕಪ್ಪಾಗುವ ಮಸೂರಗಳು ಕಾರಿನೊಳಗೆ ಸರಿಯಾಗಿ ಕಪ್ಪಾಗುವುದಿಲ್ಲ ಎಂದು ಹಲವರು ದೂರುತ್ತಾರೆ. ಕನ್ನಡಕದ ಅಂಗಡಿಯವನ ಮೋಸವಲ್ಲ ಅದು. ಸಾಮಾನ್ಯ ಬಗೆಯ ಆ ಮಸೂರ ಕಪ್ಪಾಗುವುದು ಅತಿನೇರಳೆ ಕಿರಣದಿಂದ. ಮುಂದಿನ ಗಾಜು ಅದನ್ನು ತಡೆದುಬಿಟ್ಟಿರುತ್ತದೆ. ಹಗಲಿನ ಚಾಲನೆಗೆ ಬೇರೆ ತಂಪು ಕನ್ನಡಕ ಇಟ್ಟುಕೊಳ್ಳಿ. ಸಂಜೆಯಾದರೆ ಅದನ್ನು ತೆಗೆದಿಡಬಹುದು. ಗಾಜಿನ ಕಪ್ಪನ್ನು ಹಾಗೆ ತೆಗೆದಿಡಲು ಬರುವುದಿಲ್ಲ.

ಕಾನೂನು ಏನನ್ನುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇಕಡ 70, ಪಕ್ಕದ ಗಾಜಿನಲ್ಲಿ ಕನಿಷ್ಠ ಶೇಕಡ 50 ಬೆಳಕು ಹಾಯಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಕಾರ್ಖಾನೆಯಲ್ಲಿ ತಯಾರಾದ ಗಾಜಿಗೆ ಆಮೇಲೆ ಯಾವ ಫಿಲ್ಮನ್ನೂ ಅಂಟಿಸುವಂತಿಲ್ಲ ಎಂದು ಹೇಳಿತು. ಆ ವರ್ಷದ ಮೇ ತಿಂಗಳಲ್ಲಿ ಪೊಲೀಸರು ವೃತ್ತಗಳಲ್ಲಿ ನಿಂತು ಕಾರುಗಳ ಫಿಲ್ಮ್ ಕೀಳಿಸಿದ್ದು ನೆನಪಿರಬಹುದು. ನಂತರ ನಿಯಮಕ್ಕೆ ತಿದ್ದುಪಡಿಯಾಗಿ, 2021ರ ಏಪ್ರಿಲ್ 1ರಿಂದ ಗಾಜಿನ ಒಳಮೈಗೆ ಪ್ಲಾಸ್ಟಿಕ್ ಪದರ ಇರುವ 'ಸೇಫ್ಟಿ ಗ್ಲೇಜಿಂಗ್' ಎಂಬುದೂ ಸೇರಿತು. ಇದಕ್ಕೆ ಭಾರತೀಯ ಮಾನಕವೂ ಇದೆ. ಈ ತಿದ್ದುಪಡಿಯ ಆಧಾರದ ಮೇಲೆ, 70 ಮತ್ತು 50ರ ಮಿತಿಯೊಳಗಿನ ಫಿಲ್ಮ್‌ಗೆ ದಂಡ ಹಾಕುವಂತಿಲ್ಲ ಎಂದು ಕೇರಳ ಹೈಕೋರ್ಟ್ 2024ರಲ್ಲಿ ತೀರ್ಪು ಕೊಟ್ಟಿತು.

ಕೇರಳದ ತೀರ್ಪು ತೋರಿಸಿ ನಮ್ಮ ಊರಿನ ಸಂಚಾರ ಪೊಲೀಸರೊಡನೆ ವಾದಕ್ಕಿಳಿಯುವುದು ನಿಮಗೆ ಬಿಟ್ಟದ್ದು. ಹಣ ತೆರುವ ಮೊದಲು ಆರ್‌ಟಿಓ ಕಚೇರಿಯಲ್ಲಿ ಒಮ್ಮೆ ವಿಚಾರಿಸುವುದು ಮೇಲು. ಮೇಲಿನ ಗುಣಾಕಾರವನ್ನೂ ನೆನಪಿಡಿ: ಮಿತಿ ಇರುವುದು ಗಾಜು ಮತ್ತು ಫಿಲ್ಮ್ ಎರಡೂ ಸೇರಿದ ಮೇಲಿನ ಬೆಳಕಿಗೆ. ಶೇಕಡ 50ರ ಫಿಲ್ಮ್ ಕೊಂಡು 'ಕಾನೂನಿನ ಪ್ರಕಾರವೇ ಇದೆ' ಎಂದರೆ ಮೀಟರ್ ಒಪ್ಪುವುದಿಲ್ಲ. ಮುಂದಿನ ಗಾಜಿಗಂತೂ ಬಣ್ಣದ ಫಿಲ್ಮ್ ಬೇಡವೇ ಬೇಡ. ಚರ್ಮದ ಮಟ್ಟಿಗೆ ಅದು ಆಗಲೇ ತನ್ನ ಕೆಲಸ ಮಾಡುತ್ತಿದೆ.

ಸೆಕ್ಯುರಿಟಿ ಫಿಲ್ಮ್: ಗಾಜನ್ನು ಹಿಡಿಯುತ್ತದೆ, ಜೊತೆಗೆ...

ಈಚೆಗೆ ಇನ್ನೊಂದು ಸುರುಳಿಯನ್ನೂ ತೋರಿಸುತ್ತಾರೆ. ದಪ್ಪನಾದ, ತಿಳಿ ಬಣ್ಣದ ಪಾಲಿಯೆಸ್ಟರ್ ಫಿಲ್ಮ್. ಸಾಮಾನ್ಯ ಫಿಲ್ಮ್ 40-50 ಮೈಕ್ರಾನ್ ದಪ್ಪವಿದ್ದರೆ ಇದು 100ರಿಂದ 200 ಮೈಕ್ರಾನ್. ಅಂಗಡಿಯವರು 4 ಮಿಲ್, 8 ಮಿಲ್ ಎನ್ನುತ್ತಾರೆ. ಪಕ್ಕದ ಗಾಜು ಒಡೆದರೆ ಚೂರುಗಳು ಇದಕ್ಕೆ ಅಂಟಿಕೊಂಡೇ ಉಳಿಯುತ್ತವೆ. ಗಾಜು ಒಡೆದು ಬ್ಯಾಗ್ ಎಗರಿಸುವ ಕಳ್ಳನಿಗೆ ಕೆಲಸ ತಡವಾಗುತ್ತದೆ. ಬಂದ್ ದಿನ ಯಾರೋ ತೂರಿದ ಕಲ್ಲಿಗೆ ಕಣ್ಣಿಗೆ, ಮುಖಕ್ಕೆ ಚೂರು ಸಿಡಿಯುವುದು ತಪ್ಪುತ್ತದೆ. ಗುಂಡು ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಣ್ಣಿನ ಗಾಯದ ಮಾತು ಬಂದದ್ದರಿಂದ ಹೇಳುತ್ತೇನೆ. ಬ್ರಿಟನ್ನಿನಲ್ಲಿ 1983ರಲ್ಲಿ ಮುಂದಿನ ಸೀಟಿನವರಿಗೆ ಬೆಲ್ಟ್ ಕಡ್ಡಾಯವಾದ ಮೇಲೆ ಗಾಜು ಹೊಕ್ಕು ಕಣ್ಣು ಕಳೆದುಕೊಂಡು ಆಸ್ಪತ್ರೆಗೆ ಬರುವವರ ಸಂಖ್ಯೆ ಗಣನೀಯವಾಗಿ ಇಳಿಯಿತು. ಸಾವಿರಾರು ರೂಪಾಯಿಯ ಫಿಲ್ಮ್ ಹಾಕಿಸಿ ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ ಕೂರುವವರನ್ನು ಏನೆನ್ನೋಣ? ಒಂದು ವೇಳೆ ಚೂರು ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಚುಚ್ಚಿಕೊಂಡಿದ್ದರೆ ಕೀಳಬೇಡಿ, ಒತ್ತಿ ಪಟ್ಟಿ ಕಟ್ಟಬೇಡಿ. ಕಾಗದದ ಲೋಟವೊಂದನ್ನು ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ ಹಿಡಿದು ನೇರ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಫಿಲ್ಮ್‌ಗೆ ಇನ್ನೊಂದು ಮುಖವಿದೆ, ಅದನ್ನು ಮಾರುವವರು ಹೇಳುವುದಿಲ್ಲ. ಹೊರಗಿನವನಿಗೆ ಒಡೆಯಲು ಕಷ್ಟವಾದ ಗಾಜು ಒಳಗಿನವರಿಗೂ ಕಷ್ಟವೇ. 2023ರ ಮೇ 21ರ ಮಳೆಯಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನೀರಿಗೆ ಸಿಕ್ಕ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಆ ದುರಂತಕ್ಕೂ ಫಿಲ್ಮ್‌ಗೂ ನಾನು ಗಂಟು ಹಾಕುತ್ತಿಲ್ಲ. ನೀರು ಏರುತ್ತಿರುವ ಕಾರಿನಲ್ಲಿ ಸಮಯ ಎಷ್ಟು ಕಡಿಮೆ ಎಂದು ನೆನಪಿಸಲು ಹೇಳಿದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಈ ವಿಷಯದಲ್ಲಿ ನಿಜವಾದ ಕಾರುಗಳನ್ನು ನೀರಿಗಿಳಿಸಿಯೇ ಪ್ರಯೋಗ ಮಾಡಿದವರು. ಅವರ ಪ್ರಕಾರ ಕೈಯಲ್ಲಿರುವುದು ಮೊದಲ ಒಂದು ನಿಮಿಷ. ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ದಾಟಿಸಿ, ತಕ್ಷಣ ಹೊರಬನ್ನಿ. ಫೋನ್ ಮಾಡುತ್ತ ಕೂರಬೇಡಿ. ಬಾಗಿಲು ತೆಗೆಯಲು ಹೆಣಗಬೇಡಿ, ಹೊರಗಿನ ನೀರಿನ ಒತ್ತಡ ಬಿಡುವುದಿಲ್ಲ.

ಕಿಟಕಿ ಇಳಿಯದಿದ್ದರೆ ಗಾಜು ಒಡೆಯಬೇಕು. ಅಮೆರಿಕದ ವಾಹನ ಸಂಘಟನೆಯಾದ 'ಎಎಎ' 2019ರಲ್ಲಿ ಆರು ಬಗೆಯ ಗಾಜು ಒಡೆಯುವ ಉಪಕರಣಗಳನ್ನು ಪರೀಕ್ಷಿಸಿದಾಗ ನಾಲ್ಕು ಟೆಂಪರ್ಡ್ ಗಾಜನ್ನು ಒಡೆದವು. ಲ್ಯಾಮಿನೇಟೆಡ್ ಗಾಜನ್ನು ಒಂದೂ ಒಡೆಯಲಿಲ್ಲ. ದಪ್ಪ ಫಿಲ್ಮ್ ಅಂಟಿಸಿದ ಪಕ್ಕದ ಗಾಜು ಹೆಚ್ಚುಕಡಿಮೆ ಲ್ಯಾಮಿನೇಟೆಡ್ ಗಾಜಿನ ಸ್ವಭಾವಕ್ಕೆ ಬಂದುಬಿಡುತ್ತದೆ. ಸುತ್ತಿಗೆ ಬಿದ್ದರೆ ಪುಡಿಯಾಗುತ್ತದೆ, ಉದುರುವುದಿಲ್ಲ. ಹಾಗಾಗಿ ಸೆಕ್ಯುರಿಟಿ ಫಿಲ್ಮ್ ಹಾಕಿಸಲೇಬೇಕೆಂದಿದ್ದರೆ ಒಂದು ಬಾಗಿಲಿನ ಗಾಜನ್ನಾದರೂ ಬರಿದಾಗಿ ಬಿಡಿ. ಯಾವುದನ್ನು ಬಿಟ್ಟಿದ್ದೀರಿ ಎಂಬುದು ಮನೆಯವರಿಗೆಲ್ಲ ಗೊತ್ತಿರಲಿ. ಸುತ್ತಿಗೆ ಡಿಕ್ಕಿಯಲ್ಲಿರದೆ ಕೈಗೆಟಕುವಲ್ಲಿರಲಿ. ಹೊಡೆಯುವುದು ಗಾಜಿನ ನಡುಭಾಗಕ್ಕಲ್ಲ, ಮೂಲೆಗೆ.

ನಿಲ್ಲಿಸಿದ ಕಾರಿನಲ್ಲಿ ಮಗು

ಫಿಲ್ಮ್ ಹಾಕಿಸಿದವರು ಮಾಡುವ ಅತಿ ಅಪಾಯದ ತಪ್ಪು ಬೇರೆಯೇ ಇದೆ. 'ಗಾಜಿಗೆ ಫಿಲ್ಮ್ ಇದೆಯಲ್ಲ, ಐದು ನಿಮಿಷ' ಎಂದು ಮಲಗಿದ ಮಗುವನ್ನು ಕಾರಿನಲ್ಲಿ ಬಿಟ್ಟು ತರಕಾರಿ ತರಲು ಇಳಿಯುವುದು. 2005ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂದ ಕ್ಯಾಲಿಫೋರ್ನಿಯಾದ ಅಧ್ಯಯನದಲ್ಲಿ, ಹೊರಗೆ ಹಿತವಾದ ಹವೆ ಇದ್ದ ದಿನಗಳಲ್ಲಿ ಕೂಡ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಉಷ್ಣತೆ ಹೊರಗಿಗಿಂತ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು. ಆ ಏರಿಕೆಯ ಶೇಕಡ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಗಾಜನ್ನು ಎರಡು ಬೆರಳು ಇಳಿಸಿಟ್ಟದ್ದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ. ಕಲಬುರಗಿ, ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಹೊರಗೇ 40 ಡಿಗ್ರಿ. ಲೆಕ್ಕ ನೀವೇ ಹಾಕಿ. ಯಾವ ಫಿಲ್ಮ್ ಕೂಡ ಇದನ್ನು ಸುರಕ್ಷಿತ ಮಟ್ಟಕ್ಕೆ ಇಳಿಸದು. ಮೇಲಾಗಿ ಕಪ್ಪು ಗಾಜಿದ್ದರೆ ಒಳಗೆ ಬೆವರಿ ಸುಸ್ತಾದ ಮಗು ದಾರಿಹೋಕರ ಕಣ್ಣಿಗೂ ಬೀಳುವುದಿಲ್ಲ.

ಹಾಕಿಸಲು ನಿರ್ಧರಿಸಿದ್ದರೆ

ಕೆಲಸ ಧೂಳಿಲ್ಲದ, ಮುಚ್ಚಿದ ಜಾಗದಲ್ಲಿ ನಡೆಯಬೇಕು. ರಸ್ತೆ ಬದಿಯಲ್ಲಿ ಅಂಟಿಸಿದರೆ ಫಿಲ್ಮ್‌ನ ಕೆಳಗೆ ಸಿಕ್ಕಿದ ಮಣ್ಣಿನ ಕಣ ಜೀವನಪರ್ಯಂತ ಕಣ್ಣೆದುರಿಗೆ ಚುಕ್ಕೆಯಾಗಿ ಕುಣಿಯುತ್ತದೆ. ಬಿಲ್ಲಿನಲ್ಲಿ ಫಿಲ್ಮ್‌ನ ಹೆಸರು, ಬೆಳಕು ಹಾಯುವ ಶೇಕಡ, ಮಾನಕದ ಉಲ್ಲೇಖ ಬರೆಸಿಕೊಳ್ಳಿ. ಲೋಹದ ಲೇಪವಿರುವ ಫಿಲ್ಮ್ ಫಾಸ್ಟ್ಯಾಗ್ ಮತ್ತು ಮೊಬೈಲ್ ಸಂಕೇತಗಳಿಗೆ ಅಡ್ಡಿ ಮಾಡಬಹುದು, ಅದನ್ನೂ ಕೇಳಿ. ಮನೆಯಲ್ಲಿ ಹಿರಿಯರು ಕಾರು ಓಡಿಸುತ್ತಿದ್ದರೆ ಒಂದೇ ಗಾಜಿಗೆ ತುಂಡು ಫಿಲ್ಮ್ ತಾತ್ಕಾಲಿಕವಾಗಿ ಹಿಡಿಸಿ, ಸಂಜೆ ಏಳರ ನಂತರ ಅವರನ್ನೇ ಕೂರಿಸಿ ಕನ್ನಡಿಯಲ್ಲಿ ಏನು ಕಾಣುತ್ತದೆ ಎಂದು ಕೇಳಿ. ಅಂಗಡಿಯಾತ ಗೊಣಗಬಹುದು, ಗೊಣಗಲಿ.

ಅಂಟಿಸಿದ ಮೇಲೆ ಮೂರು-ನಾಲ್ಕು ದಿನ ಗಾಜು ಇಳಿಸಬೇಡಿ, ಮಳೆಗಾಲದಲ್ಲಿ ಇನ್ನೆರಡು ದಿನ ಹೆಚ್ಚು. ಆರಂಭದಲ್ಲಿ ಕಾಣುವ ಸಣ್ಣ ನೀರಿನ ಗುಳ್ಳೆಗಳು ತಾವಾಗಿಯೇ ಆರುತ್ತವೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವ ಬೇಡ, ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆ ಸಾಕು. ಹಳೆಯ ಕಾರು ಕೊಂಡವರು ಅದರ ಫಿಲ್ಮ್ ನೇರಳೆ ಬಣ್ಣಕ್ಕೆ ತಿರುಗಿದೆಯೇ ನೋಡಿ. ತಿರುಗಿದ್ದರೆ ಬಣ್ಣ ಸತ್ತಿದೆ ಎಂದರ್ಥ; ಅದರ ಮೂಲಕ ರಸ್ತೆಯೂ ನಡುಗಿದಂತೆ ಕಾಣುತ್ತದೆ. ತೆಗೆಸಿಬಿಡಿ. ಹಿಂದಿನ ಗಾಜಿನ ಮೇಲಿನ ಫಿಲ್ಮನ್ನು ಮಾತ್ರ ಬ್ಲೇಡಿನಿಂದ ಕೆರೆಯಲು ಬಿಡಬೇಡಿ, ಮಂಜು ಒಣಗಿಸುವ ಸಣ್ಣ ತಂತಿಗಳು ಅದರೊಡನೆ ಕಿತ್ತು ಬರುತ್ತವೆ.